ಕನಿಷ್ಠ ವೇತನ ಸಾವಿರ ರೂಪಾಯಿ ಏರಿದರೆ ಮಾಲೀಕನಿಗೆ ಬೀಳುವುದೆಷ್ಟು?

ಕನಿಷ್ಠ ವೇತನ ಏರಿತು ಅನ್ನುವ ಸುದ್ದಿ ಬಂದ ಕೂಡಲೇ ಮಾಲೀಕರು ಮಾಡುವ ಲೆಕ್ಕ ಒಂದೇ. ಎಷ್ಟು ಜನ ಇದ್ದಾರೆ, ತಲೆಗೆ ಎಷ್ಟು ಏರಿದೆ, ಗುಣಿಸು. ಐವತ್ತು ಜನ, ಸಾವಿರ ರೂಪಾಯಿ, ತಿಂಗಳಿಗೆ 50,000. ಬ್ಯಾಂಕಿನಲ್ಲಿ ಅಷ್ಟು ಹೆಚ್ಚಿಗೆ ಇಟ್ಟುಕೊಂಡರಾಯಿತು ಅಂದುಕೊಳ್ಳುತ್ತಾರೆ. ಆ ಲೆಕ್ಕ ಕಡಿಮೆಯಾಯಿತು. ಬಹಳಷ್ಟು ಕಡೆ ನಿಜವಾದ ಮೊತ್ತ 64,000 ದಾಟುತ್ತದೆ. ಕಾರಣ ಇಷ್ಟೇ: ಸಂಬಳದ ಶೀಟಿನಲ್ಲಿ ಕನಿಷ್ಠ ವೇತನ ಇರುವುದು ಒಂದು ಕಾಲಂನಲ್ಲಿ, ಆದರೆ ಅದನ್ನು ನೆಚ್ಚಿಕೊಂಡ ಕಾಲಂಗಳು ಆರೇಳು ಇವೆ.

ಅದನ್ನು ಒಂದೊಂದಾಗಿ ನೋಡೋಣ. ಉದಾಹರಣೆ ಕರ್ನಾಟಕದ್ದೇ ಇರಲಿ. ಇಲ್ಲಿ ಏರಿಕೆ ಪ್ರತಿ ವರ್ಷ ಬರುತ್ತದೆ, ಜಗಳವೂ ಬರುತ್ತದೆ.

ಏರಿಕೆ ಎರಡು ಬಗೆ

ಮೊದಲನೆಯದು ಪ್ರತಿ ಏಪ್ರಿಲ್ 1ಕ್ಕೆ ಬರುವ ತುಟ್ಟಿಭತ್ಯೆ. ಕಾರ್ಖಾನೆಗಳಲ್ಲಿ ಇದನ್ನು ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ, ವಿಡಿಎ ಅಂತಾರೆ. ಹಿಂದಿನ ವರ್ಷದ ಜನವರಿಯಿಂದ ಡಿಸೆಂಬರ್‌ವರೆಗಿನ ಗ್ರಾಹಕ ಬೆಲೆ ಸೂಚ್ಯಂಕದ ಸರಾಸರಿ ತೆಗೆಯುತ್ತಾರೆ. ಸೂಚ್ಯಂಕ ಒಂದು ಅಂಶ ಏರಿದರೆ ದಿನಕ್ಕೆ ಇಂತಿಷ್ಟು ಪೈಸೆ ಅಂತ ಅಧಿಸೂಚನೆಯಲ್ಲೇ ಬರೆದಿರುತ್ತದೆ. ಅಷ್ಟನ್ನು ಮೂಲ ವೇತನದ ಮೇಲೆ ಸೇರಿಸಬೇಕು. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ, ಬರೀ ಗಣಿತ. ಅಕ್ಕಿ ಬೇಳೆ ಬೆಲೆ ಏರಿದಷ್ಟು ಕೂಲಿಯೂ ಏರಲಿ, ಕೂಲಿಯ ಕೊಳ್ಳುವ ಶಕ್ತಿ ಕುಸಿಯದಿರಲಿ ಅನ್ನುವುದು ಉದ್ದೇಶ. ಅಂದರೆ ವಿಡಿಎ ಸಂಬಳ ಹೆಚ್ಚಳವೇ ಅಲ್ಲ. ಕಳೆದ ವರ್ಷ ಕಳೆದುಹೋದದ್ದನ್ನು ತುಂಬಿಕೊಡುವುದು.

ಎರಡನೆಯದು ಮೂಲ ದರದ ಪರಿಷ್ಕರಣೆ. ಐದು ವರ್ಷ ಮೀರದಂತೆ ಮಾಡಬೇಕು ಅಂತ 1948ರ ಕನಿಷ್ಠ ವೇತನ ಕಾಯ್ದೆಯೇ ಹೇಳಿತ್ತು. ಇದರಲ್ಲಿ ಏರಿಕೆ ದೊಡ್ಡದು, ಗಲಾಟೆಯೂ ದೊಡ್ಡದು. ದರ ಎಷ್ಟಿರಬೇಕು ಅನ್ನುವುದಕ್ಕೆ ಒಂದು ಸೂತ್ರ ಇದೆ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಅದನ್ನು ಹಾಕಿಕೊಟ್ಟಿತು. ದುಡಿಯುವ ಒಬ್ಬರ ಮೇಲೆ ಮೂರು ಘಟಕದ ಕುಟುಂಬ (ಘಟಕ ಅಂದರೆ ಒಬ್ಬ ವಯಸ್ಕರ ಖರ್ಚಿನ ಅಳತೆ), ಒಂದು ಘಟಕಕ್ಕೆ ದಿನಕ್ಕೆ 2,700 ಕ್ಯಾಲರಿ ಊಟ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇವುಗಳ ಜೊತೆಗೆ ಉರುವಲು ದೀಪ ಇತ್ಯಾದಿಗೆ ಶೇ 20. ಆಮೇಲೆ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಓದು, ಔಷಧ, ಹಬ್ಬ, ಮದುವೆ, ಮುಪ್ಪು ಇವೆಲ್ಲ ಸೇರಿ ಇನ್ನೂ ಶೇ 25 ಸೇರಿಸಿತು.

ಕರ್ನಾಟಕ ಸರ್ಕಾರ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಕರಡು ಈ ಸೂತ್ರವನ್ನೇ ಹಿಡಿದಿತ್ತು. ರಾಜ್ಯವನ್ನು ಮೂರು ವಲಯ ಮಾಡಿ, ಅಕುಶಲ ಕಾರ್ಮಿಕರಿಗೆ ಮೂರನೇ ವಲಯದಲ್ಲಿ ತಿಂಗಳಿಗೆ 19,319 ರೂಪಾಯಿ, ಎರಡನೆಯದರಲ್ಲಿ 21,251, ಬೆಂಗಳೂರಿರುವ ಒಂದನೆಯದರಲ್ಲಿ 23,376 ಅಂತ ಸೂಚಿಸಿತು. ಅಂಕಿಗಳನ್ನು ಸ್ವಲ್ಪ ದಿಟ್ಟಿಸಿದರೆ ಅದರ ಕಟ್ಟಡ ಕಾಣುತ್ತದೆ. ಒಂದು ವಲಯದಿಂದ ಮೇಲಿನದಕ್ಕೆ ಶೇ 10. ಅಕುಶಲದಿಂದ ಅರೆಕುಶಲಕ್ಕೆ ಶೇ 10, ಅಲ್ಲಿಂದ ಕುಶಲಕ್ಕೆ, ಅತಿಕುಶಲಕ್ಕೆ ಮತ್ತೆ ಹತ್ತತ್ತು. ಹೀಗೆ ಹತ್ತಿದರೆ ಬೆಂಗಳೂರಿನ ಅತಿಕುಶಲ ಕಾರ್ಮಿಕನ ದರ 31,114 ಆಗುತ್ತದೆ.

ಕರಡು ಅಂದರೆ ಕಾನೂನಲ್ಲ. ಆಕ್ಷೇಪಣೆಗೆ ಎರಡು ತಿಂಗಳು ಬಿಡಬೇಕು, ಆಮೇಲೆ ಅಂತಿಮ ಅಧಿಸೂಚನೆ ರಾಜ್ಯಪತ್ರದಲ್ಲಿ ಬರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಟ್ಟಿ ನೋಡಿ ಸಂಬಳ ಬದಲಿಸುವುದು, ಇಲ್ಲವೇ ಎಲ್ಲವನ್ನೂ ಕರಡು ಅಂದುಕೊಂಡು ಅಂತಿಮ ಅಧಿಸೂಚನೆಯನ್ನೂ ಕಡೆಗಣಿಸುವುದು, ಎರಡೂ ನಡೆಯುತ್ತವೆ. ಸಂಬಳ ಬದಲಾಗಬೇಕಾದ್ದು ಅಂತಿಮ ಅಧಿಸೂಚನೆಯಲ್ಲಿ ಹೇಳಿದ ದಿನಾಂಕದಿಂದ.

ವಲಯದ ವಿಷಯದಲ್ಲಿ ಒಂದು ಮಾತು. ದರ ನಿರ್ಧಾರವಾಗುವುದು ಕೆಲಸ ನಡೆಯುವ ಜಾಗದ ಮೇಲೆ, ಹೆಡ್ ಆಫೀಸ್ ವಿಳಾಸದ ಮೇಲಲ್ಲ. ಕಂಪನಿ ತುಮಕೂರಿನಲ್ಲಿ ನೋಂದಣಿಯಾಗಿದ್ದರೂ ಕಾವಲುಗಾರ ಬೆಂಗಳೂರಿನ ಗೇಟಿನಲ್ಲಿ ನಿಂತರೆ ಅವನಿಗೆ ಬೆಂಗಳೂರಿನ ದರ. ಗಾರ್ಮೆಂಟ್ಸ್ ಕಾರ್ಖಾನೆಗಳು ಸಣ್ಣ ಊರುಗಳ ಕಡೆ ಸರಿಯುತ್ತಾ ಹೋಗಿದ್ದಕ್ಕೆ ಈ ವಲಯದ ವ್ಯತ್ಯಾಸವೂ ಒಂದು ಕಾರಣ. ಎರಡು ಮೂರು ಊರಿನಲ್ಲಿ ಶಾಖೆ ಇರುವವರು ಪ್ರತಿ ನೌಕರನ ಮುಂದೆ ವಲಯದ ಕಾಲಂ ಒಂದನ್ನು ಇಟ್ಟುಕೊಳ್ಳಲೇಬೇಕು. ಯಾರನ್ನಾದರೂ ವರ್ಗ ಮಾಡಿದ ತಿಂಗಳು ಅದನ್ನು ತಿದ್ದಲೂ ಬೇಕು. ಇದನ್ನು ಮರೆಯುವವರೇ ಜಾಸ್ತಿ.

ಯಾವ ದುಡ್ಡು ಲೆಕ್ಕಕ್ಕೆ ಬರುತ್ತದೆ?

“ನಾವು ಕನಿಷ್ಠಕ್ಕಿಂತ ಜಾಸ್ತಿನೇ ಕೊಡ್ತಿದೀವಿ” ಅನ್ನುವ ಮಾಲೀಕರನ್ನು ಕೇಳಿ ನೋಡಿ. ಅರ್ಧದಷ್ಟು ಸಲ ಅವರು ಹೇಳುತ್ತಿರುವುದು ಸಿಟಿಸಿ, ಅಂದರೆ ಒಬ್ಬ ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಅದರಲ್ಲಿ ಮಾಲೀಕರ ಪಾಲಿನ ಪಿಎಫ್ (ಭವಿಷ್ಯ ನಿಧಿ) ಸೇರಿರುತ್ತದೆ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಸೇರಿರುತ್ತದೆ, ಬೋನಸ್ಸನ್ನು ಹನ್ನೆರಡು ತುಂಡು ಮಾಡಿ ಸೇರಿಸಿರುತ್ತಾರೆ, ಕ್ಯಾಂಟೀನ್ ಮತ್ತು ಬಸ್ಸಿನ ಖರ್ಚನ್ನೂ ಹಾಕಿರುತ್ತಾರೆ. ಇವು ಯಾವುವೂ ಕನಿಷ್ಠ ವೇತನದ ಲೆಕ್ಕಕ್ಕೆ ಬರುವುದಿಲ್ಲ. ಓಟಿ, ಅಂದರೆ ಹೆಚ್ಚುವರಿ ಗಂಟೆ ದುಡಿದ ಹಣವಂತೂ ಬರುವುದೇ ಇಲ್ಲ. ಎಂಟು ಗಂಟೆ ದುಡಿದದ್ದಕ್ಕೆ ಸಿಗಬೇಕಾದ ಹಣ ಕನಿಷ್ಠ ವೇತನ. ಹನ್ನೆರಡು ಗಂಟೆ ದುಡಿಸಿ ಆ ಮೊತ್ತ ಮುಟ್ಟಿಸಿದರೆ ಅದು ಮುಟ್ಟಿಸಿದ ಹಾಗಲ್ಲ.

ಇನ್ನೊಂದು ಕಡೆ, ಅಗತ್ಯಕ್ಕಿಂತ ಹೆದರುವವರೂ ಇದ್ದಾರೆ. ಕನಿಷ್ಠ ವೇತನಕ್ಕಿಂತ ಒಳ್ಳೆಯ ಸಂಬಳ ಕೊಡುತ್ತಿದ್ದರೂ ವಿಡಿಎ ಅಂತ ಪ್ರತ್ಯೇಕವಾಗಿ ಕೊಡಲೇಬೇಕಾ? ಈ ಪ್ರಶ್ನೆ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಏರ್‌ಫ್ರೈಟ್ ಕಂಪನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ 1999ರ ತೀರ್ಪು ಇದನ್ನು ಬಗೆಹರಿಸಿತು. ಮೂಲ ದರ ಮತ್ತು ತುಟ್ಟಿಭತ್ಯೆ ಸೇರಿ ಒಂದೇ ಮೊತ್ತ. ಒಟ್ಟು ವೇತನ ಆ ಮೊತ್ತಕ್ಕಿಂತ ಹೆಚ್ಚಿದ್ದರೆ ವಿಡಿಎಯನ್ನು ಬೇರೆಯಾಗಿ ಕೊಡುವ ಕಡ್ಡಾಯವಿಲ್ಲ. ಹಾಗಾಗಿ 22,000 ಕೊಡುತ್ತಿರುವ ಜಾಗದಲ್ಲಿ ಕನಿಷ್ಠ ದರ 15,000ದಿಂದ 16,000ಕ್ಕೆ ಏರಿದರೆ ಕಾನೂನಿನ ಪ್ರಕಾರ ಅಲ್ಲಿ ಏನೂ ಬದಲಾಗಬೇಕಿಲ್ಲ. ಕಾರ್ಮಿಕ ಸಂಘದೊಂದಿಗೆ ಒಪ್ಪಂದ ಇದ್ದರೆ ಆ ಮಾತು ಬೇರೆ.

ಈಗ ಮನೆ ಬಾಡಿಗೆ ಭತ್ಯೆ, ಅಂದರೆ ಎಚ್‌ಆರ್‌ಎ. ಇಲ್ಲಿ ನೆಲವೇ ಅಲುಗಿದೆ. 1948ರ ಕಾಯ್ದೆಯ ‘ವೇತನ’ದಲ್ಲಿ ಎಚ್‌ಆರ್‌ಎ ಸೇರಿತ್ತು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಎಚ್‌ಆರ್‌ಎ, ಪ್ರಯಾಣ ಭತ್ಯೆ ಎರಡೂ ಹೊರಗೆ. ಹೀಗೆ ಹೊರಗಿಟ್ಟ ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ಮಾತ್ರ ವೇತನಕ್ಕೆ ಸೇರಿಸಬೇಕು. ಒಂದು ಉದಾಹರಣೆ: ಕನಿಷ್ಠ ದರ 14,500 ಅಂತಿಟ್ಟುಕೊಳ್ಳಿ. ನೀವು ಬೇಸಿಕ್ (ಮೂಲ ವೇತನ) 10,000, ಎಚ್‌ಆರ್‌ಎ 4,500 ಕೊಡುತ್ತೀರಿ. ಹಳೆಯ ಕಾಯ್ದೆಯಲ್ಲಿ ಇದು ಸರಿಹೋಗುತ್ತಿತ್ತು. ಸಂಹಿತೆಯ ವ್ಯಾಖ್ಯೆಯನ್ನು ಅಕ್ಷರಶಃ ಓದಿದರೆ ಎಚ್‌ಆರ್‌ಎ ಅರ್ಧ ದಾಟಿಲ್ಲ, ಆದ್ದರಿಂದ ಪೂರ್ತಿ ಹೊರಗೆ. ನಿಮ್ಮ ವೇತನ ಬರೀ 10,000. ಅಂದರೆ 4,500 ಕಡಿಮೆ. ಜೇಬಿನಿಂದ ಹೋಗುವ ಹಣ ಒಂದೇ ಆದರೂ ಒಂದರಲ್ಲಿ ನೀವು ಸರಿ, ಇನ್ನೊಂದರಲ್ಲಿ ತಪ್ಪಿತಸ್ಥರು. ಪಿಎಫ್ ಉಳಿಸಲು ಬೇಸಿಕ್ ಒಡೆದು ನಾಲ್ಕು ಭತ್ಯೆ ಮಾಡುವ ಅಭ್ಯಾಸ ಕೆಳಹಂತದ ಸಂಬಳಗಳಲ್ಲಿ ಇನ್ನು ನಡೆಯದು. ನನ್ನನ್ನು ಕೇಳಿದರೆ, ಕನಿಷ್ಠ ವೇತನದ ಹತ್ತಿರ ಇರುವವರಿಗೆ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಎರಡೇ ಕಾಲಂ ಸಾಕು. ಎಲ್ಲರಿಗೂ ಒಂದೇ ಸಮನಾಗಿ ಕೊಡುವ ವಿಶೇಷ ಭತ್ಯೆಯ ಮೇಲೂ ಪಿಎಫ್ ಕಟ್ಟಬೇಕು ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿಯಾಗಿತ್ತು. ಆದ್ದರಿಂದ ಆ ಉಳಿತಾಯವೂ ಆವತ್ತಿಗೇ ಮುಗಿದಿತ್ತು.

ಸಾವಿರ ಹೇಗೆ 1,294 ಆಗುತ್ತದೆ

13,500 ಇದ್ದ ವೇತನ 14,500 ಆಯಿತು ಅಂದುಕೊಳ್ಳಿ. ನೌಕರನಿಗೆ ಕೊಡುವುದು ಸಾವಿರ. ಅದರ ಮೇಲೆ ಪಿಎಫ್‌ಗೆ ಮಾಲೀಕರ ಪಾಲು ಶೇ 12, ಜೊತೆಗೆ ವಿಮೆ ಮತ್ತು ಆಡಳಿತ ವೆಚ್ಚ ತಲಾ ಅರ್ಧ, ಒಟ್ಟು ಶೇ 13. ಅಂದರೆ 130. ಇಎಸ್‌ಐ ಶೇ 3.25, ಅದು 32 ರೂಪಾಯಿ 50 ಪೈಸೆ. ಬೋನಸ್ ಕನಿಷ್ಠ ಶೇ 8.33, ಅಂದರೆ 83 ರೂಪಾಯಿ 30 ಪೈಸೆ. ಬೋನಸ್ಸನ್ನು 7,000 ರೂಪಾಯಿ ಮೇಲೆ ಮಾತ್ರ ಲೆಕ್ಕ ಹಾಕುವವರು ಇನ್ನೂ ಇದ್ದಾರೆ. 2015ರ ತಿದ್ದುಪಡಿಯಲ್ಲೇ ‘7,000 ಅಥವಾ ಕನಿಷ್ಠ ವೇತನ, ಯಾವುದು ಹೆಚ್ಚೋ ಅದು’ ಅಂತಾಯಿತು. ಹಾಗಾಗಿ ಕನಿಷ್ಠ ವೇತನ ಏರಿದಾಗಲೆಲ್ಲ ಬೋನಸ್ಸೂ ಏರುತ್ತದೆ. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಕೊಡುವ ಉಪದಾನಕ್ಕೆ, ವರ್ಷಕ್ಕೆ 15 ದಿನದ ವೇತನ ಎತ್ತಿಡಬೇಕು, ತಿಂಗಳಿಗೆ ಹಂಚಿದರೆ ಸುಮಾರು 48 ರೂಪಾಯಿ. ಎಲ್ಲ ಕೂಡಿಸಿ: 1,294. ಐವತ್ತು ಜನಕ್ಕೆ 64,700.

ನೌಕರನ ಕೈಗೆ ಪೂರ್ತಿ ಸಾವಿರ ಬರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಅವನ ಪಾಲಿನ ಪಿಎಫ್ 120, ಇಎಸ್‌ಐ ಏಳೂವರೆ ರೂಪಾಯಿ ಕಳೆದರೆ ಉಳಿಯುವುದು 872 ರೂಪಾಯಿ 50 ಪೈಸೆ. ಮಾಲೀಕರು 1,294 ಕೊಟ್ಟೆ ಅನ್ನುತ್ತಾರೆ, ನೌಕರ 872 ಬಂತು ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೊದಲ ತಿಂಗಳ ಪೇ ಸ್ಲಿಪ್ ಜೊತೆ ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಗೇಟಿನ ಹತ್ತಿರದ ಎಷ್ಟೋ ಗುಸುಗುಸು ನಿಲ್ಲುತ್ತದೆ.

ಗ್ರಾಚ್ಯುಟಿಯಲ್ಲಿ ಒಂದು ಕಾಣದ ಹೊರೆ ಇದೆ. ಅದನ್ನು ಲೆಕ್ಕ ಹಾಕುವುದು ಕೊನೆಯ ತಿಂಗಳ ವೇತನದ ಮೇಲೆ, ಕಳೆದ ಎಲ್ಲ ವರ್ಷಕ್ಕೂ. ಹತ್ತು ವರ್ಷ ದುಡಿದವನ ವೇತನ ಇವತ್ತು ಸಾವಿರ ಏರಿದರೆ ಹಿಂದಿನ ಹತ್ತು ವರ್ಷದ ಬಾಬತ್ತು ಒಂದೇ ಏಟಿಗೆ 5,769 ರೂಪಾಯಿ ಏರಿತು. ಸಾವಿರವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಹತ್ತರಿಂದ ಗುಣಿಸಿ ನೋಡಿ. ಹಳಬರು ಜಾಸ್ತಿ ಇರುವ ಹಳೇ ಕಾರ್ಖಾನೆಗೆ ಇದು ದೊಡ್ಡ ಮೊತ್ತ. ಸಂಬಳದ ಶೀಟಿನಲ್ಲಿ ಕಾಣುವುದಿಲ್ಲ, ಯಾರೋ ರಾಜೀನಾಮೆ ಕೊಟ್ಟಾಗ ಕಾಣುತ್ತದೆ.

ಓಟಿ ಇದ್ದರೆ ಇನ್ನಷ್ಟು. ತಿಂಗಳ ಸಾವಿರವನ್ನು 26 ದಿನ, 8 ಗಂಟೆಗೆ ಹಂಚಿದರೆ ಗಂಟೆಗೆ 4 ರೂಪಾಯಿ 81 ಪೈಸೆ. ಓಟಿಗೆ ದುಪ್ಪಟ್ಟು, ಅಂದರೆ 9 ರೂಪಾಯಿ 62 ಪೈಸೆ. ತಿಂಗಳಿಗೆ 20 ಗಂಟೆ ಓಟಿ ಮಾಡುವ ಒಬ್ಬರಿಗೆ 192 ರೂಪಾಯಿ. ಓಟಿ ಮೇಲೆ ಇಎಸ್‌ಐ ವಂತಿಗೆಯೂ ಕಟ್ಟಬೇಕು.

ಒಂದು ಸಮಾಧಾನದ ಸಂಗತಿ: ಪಿಎಫ್‌ಗೆ 2014ರಲ್ಲಿ ನಿಗದಿಯಾದ 15,000ದ ಮಿತಿ ಇದೆ. ವೇತನ ಅದನ್ನು ದಾಟಿದ ಮೇಲೆ ಮಾಲೀಕರು ತಮ್ಮ ಪಾಲನ್ನು ಆ ಮಿತಿಗೆ ನಿಲ್ಲಿಸಬಹುದು. ಆಗ 16,000 ಇದ್ದದ್ದು 17,000 ಆದರೂ ಪಿಎಫ್ ಏರುವುದಿಲ್ಲ. ಏರಿಕೆ ಒಂದೇ, ಹೊರೆ ಮಾತ್ರ ಒಂದೊಂದು ಕಾರ್ಖಾನೆಗೆ ಒಂದೊಂದು.

ಗಡಿ ದಾಟಿದವರ ಕಥೆ

2025ರ ಕರಡಿನ ಬಗ್ಗೆ ಚರ್ಚೆಯೆಲ್ಲ ನಡೆದಿದ್ದು ‘ಇಷ್ಟು ಕೊಡಲು ಆಗುತ್ತಾ’ ಅನ್ನುವುದರ ಮೇಲೆ. ಅದರೊಳಗೆ ಇನ್ನೊಂದು ಸಿಕ್ಕು ಇದೆ. ನನಗೆ ಅದೇ ಹೆಚ್ಚು ಮುಖ್ಯ ಅನಿಸುತ್ತದೆ.

ಇಎಸ್‌ಐ ಸಿಗುವುದು ತಿಂಗಳ ವೇತನ 21,000 ಮೀರದವರಿಗೆ. ಈ ಮಿತಿ 2017ರ ಜನವರಿಯದು. ಬೋನಸ್ ಕಾಯ್ದೆಯ ಅರ್ಹತೆಗೂ 2015ರ ತಿದ್ದುಪಡಿ ಇಟ್ಟಿದ್ದು ಇದೇ 21,000. ಈಗ ಕರಡಿನ ದರಗಳನ್ನು ಇದರ ಪಕ್ಕ ಇಡಿ. ಬೆಂಗಳೂರಿನ ಅಕುಶಲ ಹೆಲ್ಪರ್‌ಗೆ 23,376, ಇಎಸ್‌ಐ ಇಲ್ಲ. ಎರಡನೇ ವಲಯದ ಅಕುಶಲರಿಗೆ 21,251, ಇಲ್ಲ. ಮೂರನೇ ವಲಯದಲ್ಲೂ ಅರೆಕುಶಲದಿಂದ ಮೇಲಿನವರೆಲ್ಲ 21,251 ಮತ್ತು ಅದಕ್ಕಿಂತ ಹೆಚ್ಚು, ಅವರಿಗೂ ಇಲ್ಲ. ಉಳಿಯುವುದು ಸಣ್ಣ ಊರುಗಳ ಅಕುಶಲ ಕಾರ್ಮಿಕರು ಮಾತ್ರ. ಒಂದೇ ಅಧಿಸೂಚನೆಗೆ ರಾಜ್ಯದ ಬಹುಪಾಲು ಕಾರ್ಮಿಕರು ಇಎಸ್‌ಐ ಆಸ್ಪತ್ರೆಯ ಬಾಗಿಲಿನಿಂದ ಹೊರಗೆ ಬೀಳುವಂಥ ಲೆಕ್ಕ ಅದು. ಕೇಂದ್ರ ಮಿತಿ ಏರಿಸದೆ ರಾಜ್ಯ ದರ ಏರಿಸಿದರೆ ಆಗುವುದು ಹೀಗೆ. ಬೈಪಾಸ್ ಆಪರೇಷನ್ ಆದ ಅಪ್ಪನನ್ನೋ, ಹೆರಿಗೆಯ ಹೆಂಡತಿಯನ್ನೋ ಇಎಸ್‌ಐ ನಂಬಿ ನೋಡಿಕೊಂಡವರಿಗೆ ಏರಿದ ಸಂಬಳ ಆ ಬಾಬತ್ತಿಗೆ ಸಾಲುವುದಿಲ್ಲ. ಮಾಲೀಕರಿಗೆ ಶೇ 3.25 ಉಳಿಯುತ್ತದೆ, ನಿಜ. ಆದರೆ ಕಾಯಿಲೆ ಬಿದ್ದವರು ಮುಂಗಡ ಕೇಳಿಕೊಂಡು ಬರುವುದು ಅದೇ ಮಾಲೀಕರ ಬಳಿಗೆ. ಇಂಥ ಕಡೆ ಗುಂಪು ಆರೋಗ್ಯ ವಿಮೆಯ ದರವನ್ನು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಜಾಣತನ.

ಗಡಿ ದಾಟಿದ ತಕ್ಷಣ ಇಎಸ್‌ಐ ನಿಲ್ಲಿಸುವ ಹಾಗೂ ಇಲ್ಲ. ವಂತಿಗೆ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ಶುರುವಿನಲ್ಲಿ ಒಳಗಿದ್ದವರು, ಮಧ್ಯೆ ವೇತನ ಏರಿದರೂ, ಆ ಅವಧಿ ಮುಗಿಯುವವರೆಗೆ ಒಳಗೇ ಇರುತ್ತಾರೆ. ವಂತಿಗೆಯನ್ನು ಏರಿದ ವೇತನದ ಮೇಲೆ ಕಟ್ಟಬೇಕು. ಜೂನ್‌ನಿಂದ ದರ ಏರಿದರೆ ಸೆಪ್ಟೆಂಬರ್ ಕೊನೆವರೆಗೆ ಇಎಸ್‌ಐ ಉಂಟು. ಏಪ್ರಿಲ್ 1ರಿಂದಲೇ ಏರಿದರೆ ಅವಧಿಯೂ ಅವತ್ತೇ ಶುರುವಾಗುವುದರಿಂದ ಆ ತಿಂಗಳಿಂದಲೇ ಹೊರಗೆ. ಸಾಫ್ಟ್‌ವೇರ್ ಇದನ್ನು ತಾನೇ ನೋಡಿಕೊಳ್ಳುತ್ತೆ ಅಂತ ಕೂರಬೇಡಿ. ಕೆಲವು 21,000 ಕಂಡ ಕೂಡಲೇ ಕಡಿತ ನಿಲ್ಲಿಸಿಬಿಡುತ್ತವೆ.

ವೃತ್ತಿ ತೆರಿಗೆಗೂ ಒಂದು ಗಡಿ ಇದೆ, ತಿಂಗಳಿಗೆ 25,000. ಅದನ್ನು ಮುಟ್ಟಿದವರ ಸಂಬಳದಲ್ಲಿ ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300 ಹಿಡಿಯಬೇಕು.

ಮೇಲಿನ ಮೆಟ್ಟಿಲಿನವರು

ಕಾನೂನಿನಲ್ಲಿ ಇಲ್ಲದ, ಆದರೆ ಎಲ್ಲ ಕಡೆ ಕಾಣುವ ಖರ್ಚು ಒಂದಿದೆ. ನಿನ್ನೆ ಸೇರಿದ ಹೆಲ್ಪರ್‌ಗೆ ಕನಿಷ್ಠ ದರ ಏರಿ 16,000 ಆಯಿತು. ಎಂಟು ವರ್ಷದಿಂದ ಮಷಿನ್ ನಡೆಸುತ್ತಿರುವವನಿಗೆ 16,800 ಬರುತ್ತಿದೆ. ಅವನ ದರ್ಜೆಯ ಕನಿಷ್ಠ ದರಕ್ಕಿಂತ ಮೇಲಿದ್ದರೆ ಅವನಿಗೆ ಒಂದು ಪೈಸೆಯನ್ನೂ ಏರಿಸಬೇಕಾಗಿಲ್ಲ. ಆದರೆ ಅವನು ಸುಮ್ನಿರ್ತಾನಾ? ಸುಮ್ಮನಿದ್ದರೂ ಪಕ್ಕದ ರಸ್ತೆಯ ಯೂನಿಟ್‌ಗೆ ಹೋಗುತ್ತಾನೆ. ಹಾಗಾಗಿ ಏರಿಕೆ ಕೆಳಗಿನ ಮೆಟ್ಟಿಲಿಗೆ ಬಂದರೂ ನಡುವಿನ ಎರಡು ಮೆಟ್ಟಿಲಿಗೆ ಸ್ವಲ್ಪ ಸ್ವಲ್ಪ ಕೊಡಬೇಕಾಗುತ್ತದೆ. ಎಷ್ಟು ಅನ್ನುವುದು ಮಾಲೀಕರ ವಿವೇಚನೆ. ಬಜೆಟ್ ಹಾಕುವಾಗ ಇದನ್ನು ಸೊನ್ನೆ ಅಂತ ಹಾಕುವುದು ಮಾತ್ರ ತಪ್ಪು.

ದರ್ಜೆಯನ್ನೇ ಇಳಿಸುವ ದಾರಿ ಹಿಡಿಯುವವರೂ ಇದ್ದಾರೆ. ನಿಜಕ್ಕೂ ಟೈಲರ್ ಆಗಿರುವವಳನ್ನು ಕಡತದಲ್ಲಿ ಹೆಲ್ಪರ್ ಅಂತ ಬರೆಯುವುದು. ಅವಳು ಮಾಡುವ ಕೆಲಸ ಯಾವುದೋ ಅದೇ ದರ್ಜೆ, ಕಡತದ ಹೆಸರಲ್ಲ. ಸಂಹಿತೆಯ ಪ್ರಕಾರ ವೇತನ ಬಂದಿಲ್ಲ ಅಂತ ನೌಕರ ದೂರು ಕೊಟ್ಟರೆ, ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕರದ್ದು. ತುಂಡಿನ ಲೆಕ್ಕದಲ್ಲಿ ದುಡಿಯುವವರಿಗೂ ಅಷ್ಟೇ, ದಿನದ ಕೊನೆಗೆ ಕನಿಷ್ಠ ದರ ಮುಟ್ಟಲೇಬೇಕು.

ಕಾಂಟ್ರಾಕ್ಟರ್ ನೋಡ್ಕೋತಾನೆ ಬಿಡಿ!

ನೋಡಿಕೊಳ್ಳದಿದ್ದರೆ? ಕಾಂಟ್ರಾಕ್ಟರ್ ಕೊಡದ ವೇತನವನ್ನು ಕೆಲಸ ಮಾಡಿಸಿಕೊಂಡವರೇ ಕೊಡಬೇಕು. ಹಳೆಯ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೂ ಹೀಗೇ ಇತ್ತು, ಸಂಹಿತೆಯಲ್ಲೂ ಹೀಗೇ ಇದೆ. ಗುತ್ತಿಗೆ ಕರಾರಿನಲ್ಲಿ ‘ಮೂರು ವರ್ಷ ದರ ಬದಲಾಗದು’ ಅಂತ ಬರೆಸಿಕೊಂಡವರು ಗೆದ್ದೆವು ಅಂದುಕೊಳ್ಳುತ್ತಾರೆ. ಏಪ್ರಿಲ್ ಬಂದಾಗ ಕಾಂಟ್ರಾಕ್ಟರ್ ವಿಡಿಎಯನ್ನು ತನ್ನ ಲಾಭದಿಂದ ಕೊಡುತ್ತಾನೆ ಅನ್ನುವುದು ಭ್ರಮೆ. ಕಾರ್ಮಿಕರಿಗೆ ಕೊಡುವುದನ್ನೇ ಬಿಡುತ್ತಾನೆ, ಹೊಣೆ ನಿಮ್ಮ ತಲೆಗೆ ಬರುತ್ತದೆ. ಕರಾರಿನಲ್ಲಿ ಎರಡು ಸಾಲು ಇರಲಿ: ಸರ್ಕಾರ ದರ ಏರಿಸಿದರೆ ಬಿಲ್ಲೂ ಅಷ್ಟು ಏರುತ್ತದೆ, ಆದರೆ ಪಿಎಫ್ ಚಲನ್ ಮತ್ತು ಬ್ಯಾಂಕ್ ಪಾವತಿಯ ಪ್ರತಿ ತೋರಿಸಿದ ಮೇಲೆಯೇ ಬಿಲ್ ಪಾಸ್.

ಬಿಲ್ಲಿನಲ್ಲಿ ಸಾವಿರ ಇನ್ನೂ ಉಬ್ಬುತ್ತದೆ. 1,294ರ ಮೇಲೆ ಶೇ 8 ಸೇವಾ ಶುಲ್ಕ ಅಂತಿಟ್ಟುಕೊಳ್ಳಿ, ಅದರ ಮೇಲೆ ಶೇ 18 ಜಿಎಸ್‌ಟಿ. ಸುಮಾರು 1,650. ಕಂಪನಿಗಳು ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತವೆ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಅಪಾರ್ಟ್‌ಮೆಂಟ್ ಸಂಘಕ್ಕೆ ಆ ದಾರಿಯೂ ಇಲ್ಲ.

ಅಪಾರ್ಟ್‌ಮೆಂಟ್ ಮಾತು ಬಂತಲ್ಲ, ಸೆಕ್ಯುರಿಟಿಯವರ ಹನ್ನೆರಡು ಗಂಟೆ ಪಾಳಿಯ ಲೆಕ್ಕ ಹಾಕಿ ನೋಡಿ. ಎಂಟು ಗಂಟೆ ಮಾಮೂಲು, ನಾಲ್ಕು ಗಂಟೆ ಓಟಿ, ಓಟಿಗೆ ದುಪ್ಪಟ್ಟು. ಅಂದರೆ ಒಬ್ಬರಿಗೆ ಹದಿನಾರು ಗಂಟೆಯ ವೇತನ, ಇಬ್ಬರಿಗೆ ಮೂವತ್ತೆರಡು. ಅದೇ ಗೇಟನ್ನು ಎಂಟೆಂಟು ಗಂಟೆಯ ಮೂವರು ಕಾದರೆ ಇಪ್ಪತ್ತನಾಲ್ಕು ಗಂಟೆಯ ವೇತನ ಸಾಕು. ಕಾನೂನಿನಂತೆ ಕೊಡುವುದಾದರೆ ಮೂವರನ್ನು ಇಡುವುದೇ ಅಗ್ಗ! ಎರಡು ಪಾಳಿ ಅಗ್ಗವಾಗಿ ಕಾಣುತ್ತಿದ್ದರೆ ಎಲ್ಲೋ ಓಟಿ ಕೊಡುತ್ತಿಲ್ಲ ಅಂತಲೇ ಅರ್ಥ. ಕನಿಷ್ಠ ದರ ಏರಿದಷ್ಟೂ ಈ ಅಂತರ ದೊಡ್ಡದಾಗುತ್ತದೆ.

417 ರೂಪಾಯಿ 60 ಪೈಸೆ

ಮುಂದೂಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಗಾರ್ಮೆಂಟ್ಸ್ ಉದ್ಯಮಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2020ರ ಏಪ್ರಿಲ್ 1ರಿಂದ ಬರಬೇಕಿದ್ದ ವಿಡಿಎ ತಿಂಗಳಿಗೆ 417 ರೂಪಾಯಿ 60 ಪೈಸೆ. ದಿನಕ್ಕೆ 16 ರೂಪಾಯಿ ಚಿಲ್ಲರೆ. ಆಗ ಕೋವಿಡ್. ಆರ್ಡರ್ ಇಲ್ಲ, ಕಾರ್ಖಾನೆ ಮುಚ್ಚಿದೆ ಅಂತ ಉದ್ಯಮ ಬೇಡಿಕೊಂಡಿತು. ಸರ್ಕಾರ ಒಂದು ವರ್ಷ ಕೊಡಬೇಕಾಗಿಲ್ಲ ಅಂತ ಆದೇಶ ಹೊರಡಿಸಿತು. ಕಾರ್ಮಿಕ ಸಂಘಗಳು ಹೈಕೋರ್ಟಿಗೆ ಹೋದವು. ಆದೇಶ ಅಲ್ಲಿ ನಿಲ್ಲಲಿಲ್ಲ. ಆದರೂ ಅನೇಕ ಕಾರ್ಖಾನೆಗಳು ಕೊಡಲಿಲ್ಲ. ಸುಮಾರು 4 ಲಕ್ಷ ಕಾರ್ಮಿಕರ ಹಣ ಅದು, ಬಹುಪಾಲು ಹೆಣ್ಣುಮಕ್ಕಳದ್ದು. ವಿಷಯ ವಿದೇಶಿ ಪತ್ರಿಕೆಗಳಿಗೆ ಹೋಯಿತು, ಬಟ್ಟೆ ಕೊಳ್ಳುವ ಬ್ರ್ಯಾಂಡ್‌ಗಳು ಪ್ರಶ್ನೆ ಕೇಳಿದವು. ಕೊನೆಗೆ 2022ರಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿ ಕೊಡತೊಡಗಿದವು.

ಲೆಕ್ಕ ಮಾಡಿ. 417 ರೂಪಾಯಿ 60 ಪೈಸೆ, 24 ತಿಂಗಳಿಗೆ 10,022 ರೂಪಾಯಿ. ಸಾವಿರ ಜನ ಇರುವ ಕಾರ್ಖಾನೆಗೆ ಒಂದು ಕೋಟಿ ಮೀರಿತು. ತಿಂಗಳಿಗೆ ನಾಲ್ಕು ಲಕ್ಷ ಚಿಲ್ಲರೆ ಕೊಡಲು ಕಷ್ಟ ಅಂದವರು ಒಮ್ಮೆಗೆ ಕೋಟಿ ಹೊಂದಿಸಬೇಕಾಯಿತು. ಅದರ ಮೇಲೆ ಪಿಎಫ್, ಇಎಸ್‌ಐ ಬಾಕಿ. ತಡವಾದ ಪಿಎಫ್‌ಗೆ ವರ್ಷಕ್ಕೆ ಶೇ 12 ಬಡ್ಡಿ, ಮೇಲೆ ನಷ್ಟ ವಸೂಲಿ ಬೇರೆ. ವಿಡಿಎ ಒಂದರ ಮೇಲೊಂದು ಕೂಡುತ್ತಾ ಹೋಗುವಂಥದ್ದು. ಒಂದು ವರ್ಷದ್ದನ್ನು ಬಿಟ್ಟರೆ ಮುಂದಿನ ಪ್ರತಿ ವರ್ಷದ ದರವೂ ಅಷ್ಟು ಕಡಿಮೆಯಾಗಿ, ಕೊರತೆ ಪ್ರತಿ ತಿಂಗಳೂ ಮುಂದುವರಿಯುತ್ತದೆ.

‘ನಮಗೆ ಕೈಲಾಗಲ್ಲ’ ಅನ್ನುವ ವಾದ ಕೋರ್ಟಿನಲ್ಲಿ ನಡೆಯುವುದಿಲ್ಲ. ಕನಿಷ್ಠ ವೇತನ ಕೊಡಲಾರದ ಉದ್ಯಮಕ್ಕೆ ಬದುಕುವ ಹಕ್ಕಿಲ್ಲ ಅನ್ನುವ ಅರ್ಥದ ಮಾತನ್ನು ಸುಪ್ರೀಂ ಕೋರ್ಟ್ 1950ರ ದಶಕದಲ್ಲೇ, ಕ್ರೌನ್ ಅಲ್ಯೂಮಿನಿಯಂ ಪ್ರಕರಣದಲ್ಲಿ ಹೇಳಿದೆ. 1982ರ ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟ) ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಕನಿಷ್ಠಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅಂತ ತೀರ್ಮಾನಿಸಿತು. ‘ಕಡಿಮೆಗೆ ನಾನೇ ಒಪ್ಪಿದ್ದೇನೆ’ ಅಂತ ನೌಕರನಿಂದ ಬರೆಸಿಕೊಂಡ ಕಾಗದಕ್ಕೂ ಬೆಲೆ ಇಲ್ಲ.

ದಂಡದ ಕಡೆ ನೋಡಿದರೆ, 1948ರ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ ಇತ್ತು. 500ಕ್ಕೆ ಯಾರು ಹೆದರುತ್ತಾರೆ? ಸಂಹಿತೆ ಅದನ್ನು 50,000ದವರೆಗೆ ಏರಿಸಿತು. ಐದು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ ಮೂರು ತಿಂಗಳವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ನಿಜವಾಗಿ ಹೆದರಬೇಕಾದ್ದು ಇದಕ್ಕಲ್ಲ. ಕಡಿಮೆ ಕೊಟ್ಟ ಮೊತ್ತದ ಜೊತೆಗೆ ಅದರ ಹತ್ತು ಪಟ್ಟುವರೆಗೆ ಪರಿಹಾರ ಕೊಡಿಸುವ ಅಧಿಕಾರ ಹಳೆಯ ಕಾಯ್ದೆಯಲ್ಲೂ ಇತ್ತು, ಈಗಲೂ ಇದೆ. ದೂರು ಕೊಡಲು ಆಗ ಆರು ತಿಂಗಳ ಗಡುವು, ಈಗ ಮೂರು ವರ್ಷ. ಕೆಲಸ ಬಿಟ್ಟು ಹೋದವರು ನಿಧಾನವಾಗಿ ಯೋಚಿಸಿ ಬರುವಷ್ಟು ಸಮಯ.

ಏಪ್ರಿಲ್ ಸಂಬಳ ಮಾಡುವ ಮುಂಚೆ

ಅಧಿಸೂಚನೆ ತಡವಾಗಿ ಕೈಗೆ ಬಂದರೂ ದರ ಲೆಕ್ಕವಾಗುವುದು ಅದರಲ್ಲಿ ಹೇಳಿದ ದಿನದಿಂದ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ, ಪಿಎಫ್ ಮತ್ತು ಇಎಸ್‌ಐ 15ರೊಳಗೆ. ಸಂಬಳ ಕೊಟ್ಟ ಮೇಲೆ ಏರಿಕೆ ಗೊತ್ತಾದರೆ ಬಾಕಿಯನ್ನು ಮುಂದಿನ ಸಂಬಳದಲ್ಲಿ ‘ಬಾಕಿ’ ಅಂತಲೇ ಬೇರೆ ಸಾಲಿನಲ್ಲಿ ತೋರಿಸಿ. ಅದನ್ನು ಆ ತಿಂಗಳ ಬೇಸಿಕ್‌ಗೆ ಸೇರಿಸಿದರೆ ಮುಂದಿನ ತಿಂಗಳು ಬೇಸಿಕ್ ಇಳಿದ ಹಾಗೆ ಕಾಣುತ್ತದೆ. ತಪಾಸಣೆಗೆ ಬಂದವರು ಮೊದಲು ಬೆರಳಿಡುವುದು ಅಲ್ಲೇ. ಬಾಕಿ ಕೊಟ್ಟಾಗ ಹಿಂದಿನ ತಿಂಗಳ ಓಟಿ, ರಜೆ ನಗದೀಕರಣ ಇವುಗಳ ವ್ಯತ್ಯಾಸವನ್ನೂ ತೆಗೆಯಬೇಕು. ಸಾಮಾನ್ಯವಾಗಿ ಬೇಸಿಕ್ ವ್ಯತ್ಯಾಸ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಶೀಟು ಮುಗಿದ ಮೇಲೆ ಪ್ರತಿ ಸಾಲನ್ನೂ ಒಮ್ಮೆ ದಿನದ ದರಕ್ಕೆ ಇಳಿಸಿ ನೋಡಿ. ಬೇಸಿಕ್ ಮತ್ತು ಡಿಎ ಕೂಡಿಸಿ, 26ರಿಂದ ಭಾಗಿಸಿ, ಅಧಿಸೂಚನೆಯ ದಿನದ ದರದ ಪಕ್ಕ ಇಡಿ. ತಿಂಗಳ ಮೊತ್ತ ಸರಿಯಿದ್ದರೂ 30ರಿಂದ ಭಾಗಿಸಿ ಗೈರುಹಾಜರಿ ಲೆಕ್ಕ ಮಾಡುವ ಕಡೆ ದಿನದ ದರ ತಪ್ಪಿಹೋಗಿರುತ್ತದೆ.

ಕೊನೆಯದಾಗಿ, ಕೆಲಸ ಬಿಟ್ಟವರು. ದರ ಏಪ್ರಿಲ್ 1ರಿಂದ ಏರಿದೆ, ಅಧಿಸೂಚನೆ ನಿಮ್ಮ ಕೈಗೆ ಸಿಕ್ಕಿದ್ದು ಮೇ ತಿಂಗಳಲ್ಲಿ, ಒಬ್ಬಳು ಏಪ್ರಿಲ್ 20ಕ್ಕೆ ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರಿಗೆ ಹೋಗಿದ್ದಾಳೆ. ಸಂಹಿತೆಯ ಪ್ರಕಾರ ಅವಳ ಲೆಕ್ಕವನ್ನು ಎರಡು ಕೆಲಸದ ದಿನದೊಳಗೆ ನೀವು ಮುಗಿಸಿದ್ದೀರಿ, ಹಳೆಯ ದರದಲ್ಲಿ. ಆ ಇಪ್ಪತ್ತು ದಿನದ ವ್ಯತ್ಯಾಸ, ಅದರ ಪಿಎಫ್, ಗ್ರಾಚ್ಯುಟಿ ಇದ್ದರೆ ಅಷ್ಟೂ ವರ್ಷದ ಗ್ರಾಚ್ಯುಟಿಯ ವ್ಯತ್ಯಾಸ ಅವಳಿಗೆ ಸಲ್ಲಬೇಕು. ಅವಳ ಹೆಸರು ಮೇ ತಿಂಗಳ ಶೀಟಿನಲ್ಲಿ ಇರುವುದಿಲ್ಲ. ಆದ್ದರಿಂದ ಬಾಕಿ ಪಟ್ಟಿಯನ್ನು ಮೇ ಶೀಟಿನಿಂದ ತೆಗೆಯಬೇಡಿ, ಏಪ್ರಿಲ್ ಶೀಟಿನಿಂದ ತೆಗೆಯಿರಿ. ಹಣವನ್ನು ಅವಳ ಹಳೆಯ ಬ್ಯಾಂಕ್ ಖಾತೆಗೆ ಹಾಕಿ, ಹಾಕಿದ ರಸೀದಿಯನ್ನು ಕಡತದಲ್ಲಿ ಇಟ್ಟುಕೊಳ್ಳಿ.